ಮೂಗಿಗೆ ಬೇಡವಾದ ಮೊಣಕಾಲು

ನಮ್ಮ ಆಸ್ಪತ್ರೆಯಲ್ಲಿ ಸದಾ ನಿಂಬೆಹಣ್ಣಿನ ವಾಸನೆ ಬರುತ್ತದೆ. ನಿಂಬೆಹಣ್ಣು ಮಾತ್ರ ಎಲ್ಲಿಯೂ ಇಲ್ಲ. ಗೋಡೆಯ ಮೇಲೆ ಕೂರಿಸಿದ ಬಿಳಿ ಡಬ್ಬಿಗಳು ಆಗಾಗ ಚುಸ್ ಎಂದು ಉಗುಳುವ ಆ ಪರಿಮಳವನ್ನು ಉಸಿರಾಡಿ ಉಸಿರಾಡಿ, ಈಗ ಮನೆಯಲ್ಲಿ ಅಮ್ಮ ನಿಂಬೆ ಪಾನಕ ಕೊಟ್ಟರೂ ನನಗೆ ಹೊಟ್ಟೆ ತೊಳಸುತ್ತದೆ. ಕೀವಿನ ವಾಸನೆಗೆ ನಾನು ಎಂದೂ ಹೀಗೆ ಮುಖ ಸಿಂಡರಿಸಿದವಳಲ್ಲ. ಕೀವು ಸುಳ್ಳು ಹೇಳುವುದಿಲ್ಲ.

ನಾನು ಸುಮತಿ ಇಂದ್ರ, ಕರಾವಳಿಯ ಒಂದು ಬಂದರು ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ರೋಗಾಣುಗಳ ಡಾಕ್ಟರು. ಒಂದು ಕಾಲದಲ್ಲಿ ನನ್ನ ಪ್ರಯೋಗಾಲಯಕ್ಕೆ ಬೆಲೆ ಇತ್ತು. ರೋಗಿಗಳ ರಕ್ತ, ಕಫ, ಕೀವುಗಳನ್ನು ಗಾಜಿನ ತಟ್ಟೆಗಳಿಗೆ ಹಚ್ಚಿ, ಬೆಚ್ಚಗಿಟ್ಟು, ಏನು ಬೆಳೆಯುತ್ತದೆಂದು ಕಾದು ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. 'ಮೂಗು' ಬಂದ ಮೇಲೆ ತಟ್ಟೆಗಳೆಲ್ಲ ಗುಜರಿಗೆ ಹೋದವು. ಹಟ ಹಿಡಿದು ಉಳಿಸಿಕೊಂಡದ್ದು ಬೆಚ್ಚಗಿಡುವ ಒಂದು ಹಳೆಯ ಪೆಟ್ಟಿಗೆ, ಒಂದು ಸೂಕ್ಷ್ಮದರ್ಶಕ, ಬೆರಳೆಣಿಕೆಯ ತಟ್ಟೆ ನಳಿಗೆಗಳು, ಅಷ್ಟೇ.

ಮೂಗು ಎಂದರೆ ವಾಸನೆ ಹಿಡಿಯುವ ಯಂತ್ರ. ಬ್ಯಾಕ್ಟೀರಿಯಾಗಳೂ ತಿನ್ನುತ್ತವೆ, ತೇಗುತ್ತವೆ. ಒಂದೊಂದು ಜಾತಿಯ ತೇಗಿಗೆ ಒಂದೊಂದು ಅನಿಲದ ಮಿಶ್ರಣ. ಊದಿದ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಶೀಷೆಗೆ ಹಾಕಿ ಯಂತ್ರದೊಳಗಿಟ್ಟರೆ, ಅದು ಶೀಷೆಯನ್ನು ಬೆಚ್ಚಗೆ ಮಾಡಿ, ಮೇಲೇಳುವ ಅನಿಲವನ್ನು ಮೂಸಿ, ನಾವು ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ರೋಗಾಣುವಿನ ಹೆಸರನ್ನೂ ಮದ್ದಿನ ಹೆಸರನ್ನೂ ಪರದೆಯ ಮೇಲೆ ತೋರಿಸುತ್ತದೆ. ಒಳ್ಳೆಯ ಯಂತ್ರವೇ. ಎಷ್ಟೋ ಮುದುಕರ ಕೀಲು ಉಳಿಸಿದೆ. ನನ್ನ ಹೇಸಿಗೆ ಯಂತ್ರದ ಮೇಲಲ್ಲ, ಅದಕ್ಕೆ ಪಾಠ ಹೇಳಿಕೊಟ್ಟವರ ಮೇಲೆ.

ಮೊದಮೊದಲು ದಕ್ಕೆಯ ಕಡೆಯ ರೋಗಿಗಳು ಬಂದರೆ ಮೂಗು ಗಾಬರಿಯಾಗಿ ಕೂಗಿಕೊಳ್ಳುತ್ತಿತ್ತು. ದೋಣಿಗಳು ಬಂದು ನಿಂತು ಮೀನು ಇಳಿಸುವ ಜಾಗ ಅದು. ಅಲ್ಲಿಯವರ ಸೀರೆಯಲ್ಲಿ, ಕೂದಲಲ್ಲಿ ಮೀನಿನ ವಾಸನೆ ಇದ್ದೇ ಇರುತ್ತದೆ. ಅದು ಕೋಣೆಯ ಗಾಳಿಗೆ ಸೇರಿ, ಗಾಳಿ ಶೀಷೆಗೆ ಸೇರಿ, ಇಲ್ಲದ ಸೋಂಕು ಕಾಣಿಸುತ್ತಿತ್ತು. ಕಂಪನಿಯವರು ಬಂದು 'ಮೀನು' ಎಂಬ ಬಟನ್ ಜೋಡಿಸಿದರು. ಅದನ್ನು ಒತ್ತಿದರೆ ಯಂತ್ರ ತಾನು ಮೂಸಿದ್ದರಲ್ಲಿ ಮೀನಿನ ಅನಿಲಗಳನ್ನೆಲ್ಲ ಕಳೆದು, ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಆಮೇಲೆ ಒತ್ತುವ ಕಷ್ಟವೂ ಬೇಡವೆಂದು, ರೋಗಿಯ ವಿಳಾಸ ದಕ್ಕೆಯದ್ದಾದರೆ ಬಟನ್ ತಾನಾಗಿಯೇ ಒತ್ತಿಕೊಳ್ಳುವಂತೆ ಮಾಡಿದರು. ಅದನ್ನು ಬಿಡಿಸಲು ನಮ್ಮ ಯಾರ ಕೈಯಲ್ಲೂ ಆಗುವುದಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ನಿಂಬೆ ಪರಿಮಳ ಕೆಡುತ್ತದೆಂದು ಆಸ್ಪತ್ರೆಯವರು ಹೊರಗೆ ಬಾದಾಮಿ ಮರದ ಕೆಳಗೆ ಒಂದು ಬೆಂಚು ಹಾಕಿಸಿದರು. 'ವಾಸನೆಯವರು' ಅಲ್ಲಿ ಕೂರಬೇಕು. ತೀರಾ ಹೆಚ್ಚಾಯಿತೆಂದು ಕೌಂಟರಿನವರಿಗೆ ಅನಿಸಿದರೆ ಮನೆಗೆ ಹೋಗಿ ಮಿಂದು ಬರಬೇಕು. ನಾನು ಜೈನರ ಮನೆಯವಳು, ಮೀನಿನ ವಾಸನೆ ನನಗೂ ಆಗುವುದಿಲ್ಲ. ಆದರೂ ಆ ಬೆಂಚನ್ನು ಕಂಡರೆ ಬರುವ ವಾಕರಿಕೆ ಮೀನು ಕಂಡರೆ ಬರುವುದಿಲ್ಲ.

ಮೂಗು ಮೂಸಿ ಬಿಟ್ಟ ಶೀಷೆಗಳನ್ನು ಬೇಯಿಸಿ ಬಿಸಾಡುವುದು ಈಗ ನನ್ನ ಪಾಲಿಗೆ ಬಂದ ಕೆಲಸ. ಎಂಜಲೆಲೆ ಎತ್ತಿದ ಹಾಗೆ. ಆ ಮಂಗಳವಾರ ಯಂತ್ರ ನೋಡಿಕೊಳ್ಳುವ ಲವೀನಾ ತಂದಿಟ್ಟ ಟ್ರೇಯಲ್ಲಿ ಒಂದು ಶೀಷೆಯ ಮುಚ್ಚಳ ಸಡಿಲವಾಗಿತ್ತು. ಬಿಗಿ ಮಾಡಲೆಂದು ಎತ್ತಿದೆ. ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆಯ ನಾತ, ಗಂಧಕದ ಅನಿಲ! ಶೀಷೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಕೀಲುನೀರು ತಿಳಿಯಾಗಿ ಎಳೆ ಎಳೆಯಾಗಿರಬೇಕು. ಇದು ಹಳಸಿದ ಗಂಜಿಯ ಹಾಗೆ ಬಗ್ಗಡವಾಗಿತ್ತು.

"ಲವೀನಾ, ಇದಕ್ಕೆ ಮೂಗು ಎಂತ ಹೇಳಿತು?"

"ಸೋಂಕಿಲ್ಲ ಅಂತ ಬಂದಿದೆ ಮೇಡಂ. ವಯಸ್ಸಿನ ಸವೆತ ಅಂತೆ. ಹೆಸರು ವಾರಿಜ ತಿಂಗಳಾಯ, ಎಪ್ಪತ್ತು ದಾಟಿದವರು. ಗುರುವಾರ ಕೃತಕ ಮೊಣಕಾಲು ಹಾಕ್ತಾರೆ."

"ಇಷ್ಟು ನಾರ್ತಾ ಉಂಟಲ್ಲ ಮಾರಾಯ್ತಿ!"

"ಅವರು ದಕ್ಕೆಯವರಲ್ವಾ ಮೇಡಂ. ಮೀನು."

ಹೇಳಿದ ಲವೀನಾಳೇ ಶೀಷೆಯನ್ನು ಇನ್ನೊಮ್ಮೆ ನೋಡಿದಳು. ನಾನು ಅವಳ ಮುಖ ನೋಡಿದೆ. ಮೀನಿನ ಬುಟ್ಟಿ ಇರುವುದು ತಲೆಯ ಮೇಲೆ. ಮೊಣಕಾಲಿನ ಒಳಗೆ ಮೀನಿನ ವಾಸನೆ ಹೇಗೆ ಹೋಯಿತು?

ಯಂತ್ರದ ಕೋಣೆಗೆ ಹೋಗಿ, ಕಳೆಯುವ ಮೊದಲಿನ ಅಂಕಿಗಳನ್ನು ತೆಗೆಸಿದೆ. ಗಂಧಕದ ಗೆರೆ ಪರದೆಯ ತುದಿ ಮುಟ್ಟಿತ್ತು. ಕೆಡುವ ಮೀನೂ ಬಿಡುವ ಅನಿಲವೆಂದು ಮೂಗು ಅದನ್ನು ಕಳೆದ ಮೇಲೆ ನೆಲ ಕಚ್ಚಿತ್ತು. ಶೀಷೆಯ ಒಂದು ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀವಿನ ಕಣಗಳ ಜಾತ್ರೆ, ನಡುವೆ ಅಲ್ಲಲ್ಲಿ ಸಪೂರವಾದ ನೇರಳೆ ಕಡ್ಡಿಗಳು. ಉಳಿದ ನೀರನ್ನು ತಟ್ಟೆಗೆ ಹಚ್ಚಿ, ಗಾಜಿನ ನಳಿಗೆಯ ಗಟ್ಟಿ ಪಾಕಕ್ಕೂ ಸೂಜಿಯಲ್ಲಿ ಚುಚ್ಚಿ, ನನ್ನ ಹಳೆಯ ಪೆಟ್ಟಿಗೆಯೊಳಗಿಟ್ಟೆ. ಅನುಮಾನ ಒಂದಿತ್ತು. ಮೀನು, ಸಿಗಡಿ, ಏಡಿಗಳ ಲೋಳೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಇದೆ, ಎರಿಸಿಪೆಲೋಥ್ರಿಕ್ಸ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ರೋಗಿ ಮನೆ ತಲುಪಿರುತ್ತಾನೆ. ಗಾಯದ ಮೂಲಕ ಕೈಗೆ ಹೊಕ್ಕರೆ ಸಾಮಾನ್ಯವಾಗಿ ಬೆರಳಲ್ಲೇ ಉಳಿಯುತ್ತದೆ. ಅಪರೂಪಕ್ಕೆ, ಅದೂ ವಯಸ್ಸಾದವರಲ್ಲಿ, ರಕ್ತ ಸೇರಿ ಕೀಲಿನಲ್ಲಿ ಮನೆ ಮಾಡುತ್ತದೆ. ಬೆಳೆದದ್ದು ಅದೇ ಹೌದೋ ಎಂದು ತಿಳಿಯಲು ಮಾತ್ರ ಕಾಯಬೇಕು, ಅದು ನಿಧಾನದ ಪ್ರಾಣಿ.

ಕಾಯಲು ಸಮಯ ಎಲ್ಲಿದೆ? ಕೀವು ತುಂಬಿದ ಕೀಲಿಗೆ ಲೋಹದ ಮೊಣಕಾಲು ಕೂರಿಸಿದರೆ ರೋಗಾಣುಗಳು ಲೋಹಕ್ಕೆ ಅಂಟಿಕೊಂಡು ಕೋಟೆ ಕಟ್ಟಿಕೊಳ್ಳುತ್ತವೆ. ಆಮೇಲೆ ಯಾವ ಮದ್ದೂ ಒಳಗೆ ಹೋಗದು. ಆ ವಯಸ್ಸಿಗೆ ಕಾಲು ಹೋಗುತ್ತದೆ, ಇಲ್ಲವೇ ಜೀವ ಹೋಗುತ್ತದೆ.

ಮೂಳೆ ವಿಭಾಗದ ಮುಖ್ಯಸ್ಥ ಡಾ. ಧನಂಜಯ ಆಳ್ವರ ಕೋಣೆಗೆ ಹೋದೆ. ಆ ಕೋಣೆಯಲ್ಲಿ ಎರಡು ನಿಂಬೆ ಡಬ್ಬಿ.

"ಸುಮತಿ, ಮೂಗು ಸಾವಿರಾರು ಕೀಲು ನೋಡಿದೆ. ನೀವು ಒಂದು ಶೀಷೆ ಮೂಸಿ ನನಗೆ ಪಾಠ ಮಾಡ್ತೀರಾ?"

"ಕೀವಿನ ಕಣ ಕಣ್ಣಾರೆ ನೋಡಿದ್ದೇನೆ ಸರ್."

"ಹಿಂದೆ ಎರಡು ಸಲ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದೇವೆ, ಸ್ವಲ್ಪ ಕಣ ಇರ್ತದೆ. ಆಯಮ್ಮನಿಗೆ ಜ್ವರವೂ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಸೋಂಕಿದ್ದ ಕೀಲಿಗೆ ಸ್ಟೀರಾಯ್ಡ್! ಮನೆಗೆ ಕಳ್ಳ ನುಗ್ಗಿದಾಗ ನಾಯಿಯನ್ನು ಕಟ್ಟಿಹಾಕಿದ ಹಾಗೆ. ಜ್ವರ ಬರಲಿಕ್ಕೂ ಮೈಯಲ್ಲಿ ಶಕ್ತಿ ಬೇಕು, ಮುದುಕರಿಗೆ ಎಷ್ಟೋ ಸಲ ಅದೂ ಇರುವುದಿಲ್ಲ. ಇದನ್ನೆಲ್ಲ ಹೇಳಿದೆ, ಕಳೆಯುವ ಮೊದಲಿನ ಗಂಧಕದ ಗೆರೆಯನ್ನೂ ತೋರಿಸಿದೆ.

"ನೋಡಿ, ದಕ್ಕೆಯ ಗಾಳಿಯೇ ಹಾಗೆ," ಎಂದು ಅವರು ಕೈ ಒರೆಸುವ ದ್ರಾವಣವನ್ನು ಅಂಗೈಗೆ ಸುರಿದುಕೊಂಡರು. "ಮತ್ತೆ, ನನ್ನ ರೋಗಿಯ ವಿಷಯದಲ್ಲಿ ನೀವು ಮೂಗು ತೂರಿಸಬೇಡಿ."

ಮರುದಿನ ಬೆಳಿಗ್ಗೆ ವಾರಿಜಕ್ಕನ ಮನೆ ಹುಡುಕಿಕೊಂಡು ಹೋದೆ. ಸಮುದ್ರದ ದಂಡೆಯ ಹಿಂದೆ ಸಾಲಾಗಿ ಹೆಂಚಿನ ಮನೆಗಳು, ಅಂಗಳದಲ್ಲಿ ಚಾಪೆಯ ಮೇಲೆ ಒಣಗಲು ಹಾಕಿದ ಮೀನು. ಮೂಗು ಮುಚ್ಚಿಕೊಳ್ಳಲು ಎದ್ದ ಕೈಯನ್ನು ಕಷ್ಟಪಟ್ಟು ಕೆಳಗಿಳಿಸಿದೆ. ಆದರೆ ಹೊಸಿಲು ದಾಟಿದರೆ ಒಳಗೆ ಮೀನಿನ ವಾಸನೆಯೇ ಇಲ್ಲ. ಕಣ್ಣು ಉರಿಯುವಷ್ಟು ಬ್ಲೀಚಿಂಗ್ ಪೌಡರಿನ ಘಾಟು.

ವಾರಿಜಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎಡ ಮೊಣಕಾಲು ಹಲಸಿನ ಗುಜ್ಜೆಯಂತೆ ಊದಿತ್ತು. ಸೊಸೆ ಪ್ರಮೀಳಾ ನನ್ನ ಕೊರಳಲ್ಲಿದ್ದ ಆಸ್ಪತ್ರೆಯ ಕಾರ್ಡನ್ನು ನೋಡಿ ಗಾಬರಿಯಾದಳು.

"ಇನ್ನೂ ವಾಸನೆ ಬರ್ತದಂತಾ ಮೇಡಂ? ನಾನು ನಿನ್ನೆಯೂ ಅತ್ತೆಯನ್ನು ತಿಕ್ಕಿ ತಿಕ್ಕಿ ಮೀಯಿಸಿದ್ದೇನೆ."

"ನಾನು ಅದಕ್ಕೆ ಬಂದದ್ದಲ್ಲ. ವಾರಿಜಕ್ಕ, ನಿಮ್ಮ ಕೈ ಒಮ್ಮೆ ತೋರಿಸಿ."

ಅವರು ಕೈಗಳನ್ನು ಸೆರಗಿನೊಳಗಿಂದ ತೆಗೆಯಲು ಹಿಂದೆಮುಂದೆ ನೋಡಿದರು. ಕೊನೆಗೆ ತೆಗೆದರು. ಅಂಗೈಯ ತೊಗಲು ಬೆಳ್ಳಗೆ ಸುಲಿದು, ಬೆರಳ ಸಂದಿಗಳು ಬಿರುಕು ಬಿಟ್ಟಿದ್ದವು. ಬಲಗೈಯ ತೋರುಬೆರಳಿನ ಬುಡದಲ್ಲಿ ಮಾಸಿದ ನೇರಳೆ ಕಲೆಯೊಂದು ಇನ್ನೂ ಉಳಿದಿತ್ತು.

"ಇದೆಂತದು ಮಾಡಿಕೊಂಡದ್ದು?"

"ನಿಮ್ಮಲ್ಲೇ ಹೇಳಿದ್ದಲ್ವಾ ಡಾಕ್ಟ್ರಮ್ಮ," ಎಂದರು ವಾರಿಜಕ್ಕ. "ಮೊದಲು ನಾನು ಬಂದದ್ದು ಬಿಪಿ ನೋಡಿಸ್ಲಿಕ್ಕೆ. ಆಗ ಮೊಣಕಾಲಿಗೆ ಎಂತದೂ ಇರಲಿಲ್ಲ. ಆ ಕೌಂಟರಿನ ಹುಡುಗಿ ಮೂಗು ಹಿಡ್ಕೊಂಡು ಹೇಳಿತು, ಅಜ್ಜಿ, ಮಿಂದು ಬನ್ನಿ ಅಂತ. ಅಷ್ಟು ಜನರ ಎದುರು! ಮಿಂದು ಹೋದೆ. ಮತ್ತೂ ಬೆಂಚಿಗೆ ಕಳಿಸಿದರು. ಆಮೇಲೆ ದಿನಾ ಕೆಲಸ ಮುಗಿಸಿ ಬಂದು ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ನಾರಲ್ಲಿ ತಿಕ್ಕುದು."

"ಈ ಕೈಯಲ್ಲಿ ಮೀನು ಮುಟ್ಟುತ್ತಿದ್ದಿರಾ?"

"ಮುಟ್ಟದೆ? ಸಿಗಡಿ ಸುಲಿಯುವಾಗ ಇಲ್ಲಿ ಮುಳ್ಳು ಚುಚ್ಚಿತು. ನೀಲಿಯಾಗಿ ಊದಿತ್ತು, ಉರಿ ಅಂದರೆ ಉರಿ. ಇಷ್ಟು ವರ್ಷ ಎಷ್ಟು ಮುಳ್ಳು ಚುಚ್ಚಿಲ್ಲ, ಯಾವತ್ತೂ ಹೀಗೆ ಆಗಿರಲಿಲ್ಲ. ಅದು ಕಡಿಮೆಯಾಯ್ತು, ಮೊಣಕಾಲು ಶುರುವಾಯ್ತು."

"ಇದನ್ನು ಆಳ್ವ ಡಾಕ್ಟ್ರಿಗೆ ಹೇಳಲಿಲ್ಲವಾ?"

"ಕೈ ಸೆರಗಿನ ಒಳಗೆ ಇಟ್ಟುಕೊಂಡಿದ್ದೆ. ತೆಗೆದರೆ ವಾಸನೆ ಬಂದರೆ? ಅವರೂ ಕೇಳಲಿಲ್ಲ."

ಎಲ್ಲ ಕಣ್ಣೆದುರು ಜೋಡಿಸಿಕೊಂಡು ನಿಂತಿತು. ನಮ್ಮ ಹೇಸಿಗೆಗೆ ಹೆದರಿ ಈ ಮುದುಕಿ ಕೈ ಸುಲಿದುಕೊಂಡಳು. ಸುಲಿದ ಕೈಯಲ್ಲಿ ರೋಗಾಣು ಒಳಗೆ ಹೋಯಿತು. ಅದು ಒಳಗಿದೆಯೆಂದು ಹೇಳಬೇಕಾದ ಯಂತ್ರಕ್ಕೂ ನಾವು ಅದೇ ಹೇಸಿಗೆಯನ್ನು ಕಲಿಸಿಟ್ಟಿದ್ದೆವು. ಮೈಯಲ್ಲಿ ಒಂದು ಚೂರೂ ಮೀನಿನ ವಾಸನೆ ಇಲ್ಲದ ಹೆಂಗಸಿನಿಂದ ಅದು ಮೀನಿನ ವಾಸನೆ ಕಳೆಯುತ್ತಿತ್ತು. ಥೂ ಎಂದು ಉಗುಳಬೇಕೆನಿಸಿತು. ಎಲ್ಲಿ ಉಗುಳುವುದು, ಅವರ ಮನೆ ಅಷ್ಟು ಚೊಕ್ಕಟವಾಗಿತ್ತು.

"ನಾಳೆ ಆಪರೇಷನ್ ಮಾಡಿಸಬೇಡಿ. ಕೀಲಿನ ಒಳಗೆ ಕೀವು ಉಂಟು."

ಪ್ರಮೀಳಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದೊಡ್ಡ ಡಾಕ್ಟ್ರು ಇಲ್ಲ ಅಂತಾರೆ, ನೀವು ಉಂಟು ಅಂತೀರಿ. ಅತ್ತೆಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ನಾವು ಯಾರನ್ನು ನಂಬುದು ಮೇಡಂ?"

ನ್ಯಾಯವಾದ ಪ್ರಶ್ನೆ. ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ, ಒಳಗೆ ಕರೆದೊಯ್ಯುವ ಮೊದಲು ನನಗೆ ಹೇಳಿ ಕಳಿಸಿ ಎಂದಷ್ಟೇ ಹೇಳಿ ಬಂದೆ.

ಸಂಜೆ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ತಡೆದಳು. ಅಮ್ಮ ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವವಳು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. "ಇವತ್ತು ಎಷ್ಟು ಜೀವ ತೆಗೆದೆ?" ಎಂದು ರೋಗಾಣು ಕೊಲ್ಲುವ ನನ್ನನ್ನು ದಿನಾ ಕೆಣಕುವುದು ಅವಳ ಪದ್ಧತಿ. ಅಂದು ಮಾತ್ರ ಮೂಗರಳಿಸಿ, "ಎಲ್ಲಿಗೆ ಹೋಗಿದ್ದೆ ನೀನು? ಬಚ್ಚಲಿಗೆ ಹೋಗಿ ಮಿಂದು ಬಾ," ಎಂದಳು.

ಬಚ್ಚಲಲ್ಲಿ ಸಾಬೂನು ಹಚ್ಚಿ ಕೈ ಉಜ್ಜತೊಡಗಿದೆ. ವಾಸನೆ ಹೋಗಲಿಲ್ಲ ಅನಿಸಿತು, ಮತ್ತೂ ಉಜ್ಜಿದೆ. ಗೆಣ್ಣುಗಳು ಕೆಂಪಾದದ್ದು ಕಂಡಾಗ ಆ ಸೆರಗಿನೊಳಗಿನ ಕೈಗಳ ನೆನಪಾಗಿ ಸಾಬೂನನ್ನು ಗೋಡೆಗೆ ಎಸೆದೆ. ಹಾಗೇ ಒಳಗೆ ಬಂದು ಊಟಕ್ಕೆ ಕೂತೆ. ಅಮ್ಮ ನನ್ನ ಕೆಂಪು ಗೆಣ್ಣುಗಳನ್ನು ನೋಡಿ, ತಟ್ಟೆ ಇಟ್ಟು ಬಡಿಸಿದಳು.

ಗುರುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ತಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಬೆಳೆದಿದ್ದವು. ನಳಿಗೆ ಇನ್ನೂ ಏನನ್ನೂ ಹೇಳಿರಲಿಲ್ಲ. ಗಂಧಕದ ಅನಿಲ ಬಿಡುವ ರೋಗಾಣುವಾದರೆ ಅದರಲ್ಲಿ ಸೂಜಿ ಚುಚ್ಚಿದ ದಾರಿಯಲ್ಲಿ ಕಪ್ಪು ಗೆರೆ ಮೂಡಬೇಕು. ಚುಕ್ಕೆಗಳನ್ನು ತೋರಿಸಿದರೆ ಆಳ್ವರು ಧೂಳು ಬಿದ್ದಿದೆ ಎನ್ನುವವರೇ. ಅಷ್ಟರಲ್ಲಿ ಪ್ರಮೀಳಾ ಓಡಿ ಬಂದಳು. ಅತ್ತೆಗೆ ಆಪರೇಷನ್ನಿನ ಹಸಿರು ಬಟ್ಟೆ ಹಾಕಿಸಿದ್ದಾರಂತೆ.

ನಾನು ವಾರ್ಡಿಗೆ ಹೋಗಿ, ಪರೀಕ್ಷೆಗೆಂದು ವಾರಿಜಕ್ಕನ ಒಪ್ಪಿಗೆ ಕೇಳಿ, ಮೊಣಕಾಲಿನಿಂದ ಹೊಸದಾಗಿ ನೀರು ತೆಗೆದೆ. ಯಂತ್ರದ ಕೋಣೆಗೆ ಹೋಗಿ ಲವೀನಾಳ ಮುಂದಿಟ್ಟೆ.

"ದಕ್ಕೆಯ ವಿಳಾಸ ಹಾಕಿದರೆ ಮೀನು ಬಟನ್ ಒತ್ತಿಕೊಳ್ತದೆ ಮೇಡಂ. ಬೇರೆ ದಾರಿ ಇಲ್ಲ."

"ದಕ್ಕೆಯ ವಿಳಾಸ ಹಾಕಬೇಡ. ಆಳ್ವ ಡಾಕ್ಟ್ರ ಹೆಸರಿಗೆ ಹಾಕು."

ಲವೀನಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ನನ್ನ ಕೆಲಸ ಹೋಗ್ತದೆ!"

"ಹಾಗಾದರೆ ಏಳು." ಅವಳ ಕುರ್ಚಿಯಲ್ಲಿ ನಾನೇ ಕೂತೆ. ಹೆಸರು ಧನಂಜಯ ಆಳ್ವ. ವಯಸ್ಸು ಐವತ್ತೆಂಟು. ವಿಳಾಸ ಗುಡ್ಡದ ಮೇಲಿನ ಆ ಬಹುಮಹಡಿ ಕಟ್ಟಡ. ನೀರು ಎಡ ಮೊಣಕಾಲಿನದ್ದು. ಯಂತ್ರ ಗುಂಯ್ ಎಂದು ಮೂಸತೊಡಗಿತು.

ಕೊನೆಗೆ ಪರದೆ ಕೆಂಪಾಯಿತು. ಧನಂಜಯ ಆಳ್ವ, ಎಡ ಮೊಣಕಾಲು, ತೀವ್ರ ಬ್ಯಾಕ್ಟೀರಿಯಾ ಸೋಂಕು, ಜಾತಿ ಖಚಿತವಿಲ್ಲ, ತಕ್ಷಣ ದಾಖಲಿಸಿ, ಕೀಲು ತೊಳೆಯಿರಿ, ಲೋಹ ಅಳವಡಿಸಬಾರದು. ಕೆಂಪು ವರದಿ ಬಂದರೆ ಇಡೀ ಆಸ್ಪತ್ರೆಗೆ ಸುದ್ದಿ ಹೋಗುವ ವ್ಯವಸ್ಥೆ ಇದೆ. ಹೋಯಿತು. ಶಸ್ತ್ರಚಿಕಿತ್ಸೆಯ ಕೋಣೆಯ ಎದುರು ಕೈ ತೊಳೆದು ನಿಂತಿದ್ದ ಆಳ್ವರ ಬಳಿಗೆ ಇಬ್ಬರು ವಾರ್ಡ್‌ಬಾಯ್‌ಗಳು ಗಾಲಿಕುರ್ಚಿ ತಳ್ಳಿಕೊಂಡು ಓಡಿದರು. ಮೇಲಿಂದ ನಿರ್ದೇಶಕರೇ ಗಾಬರಿಯಿಂದ ಇಳಿದು ಬಂದರು.

ಆಳ್ವರು ಒದ್ದೆ ಕೈಗಳನ್ನು ಮೇಲೆತ್ತಿಕೊಂಡೇ ಯಂತ್ರದ ಕೋಣೆಗೆ ನುಗ್ಗಿದರು. "ಎಂತ ಆಟ ಇದು? ನನ್ನ ಕಾಲಿಗೆ ಎಂತದೂ ಆಗಿಲ್ಲ!"

"ಮೂಗು ಹೇಳಿದೆಯಲ್ಲ ಸರ್. ಸಾವಿರಾರು ಕೀಲು ನೋಡಿದ ಮೂಗು."

"ಯಾರ ನೀರು ಇದು?"

"ವಾರಿಜಕ್ಕನದ್ದು. ಅವರ ವಿಳಾಸ ಹಾಕಿದರೆ ಸವೆತ, ನಿಮ್ಮ ವಿಳಾಸ ಹಾಕಿದರೆ ಸೋಂಕು. ನೀರು ಒಂದೇ."

"ಇದು ಮೋಸ."

"ಹೌದು ಸರ್. ನನ್ನದು ಇವತ್ತು ಒಂದು ದಿನದ್ದು."

ನಿರ್ದೇಶಕರು ಪರದೆಯನ್ನೂ ಆಳ್ವರನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡರು. "ಆ ಶೀಷೆ ಮುಚ್ಚಿಡಿ ಮೊದಲು, ನಾರುತ್ತದೆ," ಎಂದರು. ಅದು ಅವರ ಬಾಯಿಂದ ಬಂದ ಮೊದಲ ಮಾತು. ಅಲ್ಲಿದ್ದ ಎಲ್ಲರ ಮೇಲೂ ನನಗೆ ಹುಟ್ಟಿದ ಹೇಸಿಗೆಯನ್ನು ಹೇಳಲು ಮಾತಿಲ್ಲ. ಆದರೂ ಆಳ್ವರು ಕೊನೆಗೆ ಒಂದು ಕೆಲಸ ಸರಿಯಾಗಿ ಮಾಡಿದರು. ಪರದೆಯ ವರದಿಯನ್ನು ಇನ್ನೊಮ್ಮೆ ಓದಿ, "ಕೃತಕ ಮೊಣಕಾಲು ಬೇಡ. ಕೀಲು ತೆರೆದು ತೊಳೆಯುವ," ಎಂದು ಹೇಳಿ ಹೋದರು. ತೊಳೆದರು ಕೂಡ. ಒಂದು ಬಟ್ಟಲು ಕೀವು ಬಂತು.

ಸಂಜೆ ನಳಿಗೆಯಲ್ಲಿ ಕಪ್ಪು ಗೆರೆ ಮೂಡಿತ್ತು, ಎರಿಸಿಪೆಲೋಥ್ರಿಕ್ಸೇ. ಹಾಡುವುದು ಬಾರದ ನಾನು ಪ್ರಯೋಗಾಲಯದಲ್ಲಿ ಏನನ್ನೋ ಗುನುಗಿದೆ. ಜಾತಿ ಗೊತ್ತಿಲ್ಲದ ಸೋಂಕಿಗೆ ಮೂಗು ಸೂಚಿಸುವುದು ವ್ಯಾಂಕೊಮೈಸಿನ್ ಎಂಬ ಭಾರೀ ಮದ್ದು. ಈ ರೋಗಾಣು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಇದು ಸಾಯುವುದು ಅಜ್ಜನ ಕಾಲದ ಪೆನ್ಸಿಲಿನ್‌ಗೆ. ವಾರಗಟ್ಟಲೆ ವಾರಿಜಕ್ಕನ ರಕ್ತನಾಳಕ್ಕೆ ಅದನ್ನೇ ಹರಿಸಿದೆವು. ಹೃದಯದ ಕವಾಟಕ್ಕೆ ಹರಡಿಲ್ಲವೆಂದೂ ನೋಡಿಕೊಂಡೆವು. ಕಾಲು ಉಳಿಯಿತು, ಜೀವ ಉಳಿಯಿತು. ಆದರೆ ಸ್ಟೀರಾಯ್ಡ್ ಕೊಟ್ಟು ಕಾಲ ಕಳೆದ ಆ ದಿನಗಳಲ್ಲಿ ರೋಗಾಣುಗಳು ಕೀಲಿನ ಮೆದುಮೂಳೆಯನ್ನು ತಿಂದು ಮುಗಿಸಿದ್ದವು. ಮೊಣಕಾಲು ಇನ್ನು ಪೂರ್ತಿ ಮಡಚದು. ಮೀನಿನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರುವುದು ಮುಗಿಯಿತು.

ಆಸ್ಪತ್ರೆಯಲ್ಲಿ ಸಭೆ ನಡೆಯಿತು. ಚಹಾ, ಗೋಡಂಬಿ, ನಿಂಬೆ ಪರಿಮಳ. ಕಂಪನಿಯವರು ಬಹಳ ವಿನಯದಿಂದ ತಪ್ಪು ಒಪ್ಪಿಕೊಂಡು ಬಟನ್ನಿಗೆ 'ಕರಾವಳಿ' ಎಂದು ಹೊಸ ಹೆಸರಿಟ್ಟರು. 'ಮೀನು' ಎಂದರೆ ಜನರ ಮನಸ್ಸಿಗೆ ನೋವಾಗಬಹುದಂತೆ. ಬಟನ್ ಇರಲಿ, ಆದರೆ ಕೀಲುನೀರಿಗೆ ಅದು ತಾಗಬಾರದು ಎಂದು ನಾನು ಮೇಜು ಕುಟ್ಟಿ ಕೂಗಿದ ಮೇಲೆ ಅಷ್ಟು ಮಾಡಿಕೊಟ್ಟರು. ಬೆಂಚಿನ ಮಾತು ಎತ್ತಿದರೆ, ಅದು ಇವತ್ತಿನ ವಿಷಯವಲ್ಲ ಎಂದರು ನಿರ್ದೇಶಕರು. ನಾನು ಗೋಡಂಬಿ ತಿನ್ನದೆ ಎದ್ದು ಬಂದೆ.

ಮೊನ್ನೆ ವಾರಿಜಕ್ಕ ತಪಾಸಣೆಗೆ ಬಂದಿದ್ದರು. ಕೌಂಟರಿನ ಕಡೆಯಿಂದ ಗಲಾಟೆ ಕೇಳಿ ಹೊರಗೆ ಬಂದು ನೋಡಿದೆ. ಮಿಂದು ಬಂದಿರಲಿಲ್ಲ. ದಕ್ಕೆಯಿಂದ ನೇರ ಬಂದಿದ್ದರು, ಸೀರೆಯ ಅಂಚು ಒದ್ದೆ, ಪಕ್ಕದಲ್ಲಿ ಬಂಗುಡೆಯ ಬುಟ್ಟಿ. ಬಾದಾಮಿ ಮರದ ಬೆಂಚಿನ ಮೇಲಲ್ಲ, ಒಳಗಿನ ಮೆತ್ತನೆಯ ಸೋಫಾದ ನಟ್ಟನಡುವೆ ಕಾಲು ಚಾಚಿ ಕೂತಿದ್ದರು. ಸುತ್ತಲಿನವರು ಎದ್ದು ದೂರ ನಿಂತಿದ್ದರು. ವಾರಿಜಕ್ಕನ ತಲೆಯ ಮೇಲಿನ ನಿಂಬೆ ಡಬ್ಬಿ ಚುಸ್ ಎಂದು ಉಗುಳುತ್ತಲೇ ಇತ್ತು. ಕೌಂಟರಿನ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದು ನನ್ನನ್ನು ನೋಡಿದಳು.

ಹೋಗಿ ಪಕ್ಕದಲ್ಲಿ ಕೂತೆ. ಈ ಸಲ ಕೈ ಮೂಗಿಗೆ ಏಳಲಿಲ್ಲ.

ವಾರಿಜಕ್ಕ ಕೈಗಳನ್ನು ತಾವಾಗಿಯೇ ಮುಂದೆ ಚಾಚಿದರು. ತೊಗಲು ಮತ್ತೆ ಬೆಳೆದು ಗಟ್ಟಿಯಾಗಿತ್ತು, ಬಿರುಕು ಒಂದೂ ಇರಲಿಲ್ಲ. ಬೆರಳಿಗೆ ಮೀನಿನ ಹುರುಪೆ ಅಂಟಿತ್ತು.

"ವಾಸನೆ ಬರ್ತದಾ ಡಾಕ್ಟ್ರಮ್ಮ?"

"ಬರ್ತದೆ ವಾರಿಜಕ್ಕ. ಸುಳ್ಳು ಯಾಕೆ, ತುಂಬ ಬರ್ತದೆ."

"ಬುಟ್ಟಿಯಿಂದಲಾ, ಮೊಣಕಾಲಿಂದಲಾ?"

ನಾನು ಅಷ್ಟು ಜನರ ಎದುರು ಬಗ್ಗಿ, ಹೊಲಿಗೆಯ ಗುರುತಿದ್ದ ಆ ಮೊಣಕಾಲಿಗೆ ಮೂಗು ತಾಗಿಸಿ ಉಸಿರೆಳೆದುಕೊಂಡೆ.

"ಬುಟ್ಟಿಯಿಂದ."

"ಹಾಗಾದ್ರೆ ತೊಂದರೆ ಇಲ್ಲ," ಎಂದು ವಾರಿಜಕ್ಕ ಸೋಫಾಕ್ಕೆ ಒರಗಿ ಕೂತರು.